ನೆರಳಿನ ಕಡೆ ನಿಂತ ಶಿವಕ್ಕ

ಮದುವೆಯಾದ ಮೇಲೆ ಶಿವಕ್ಕ ಗಂಡನ ಬಾಯಿಂದ ಅತಿ ಹೆಚ್ಚು ಸಲ ಕೇಳಿದ ಮಾತು, "ಕೈ ಅಲ್ಲಾಡಿಸಬೇಡ ಕಣೇ" ಎಂಬುದು. ಪ್ರೀತಿಯ ಮಾತು, ಜಗಳದ ಮಾತು, ಸಂಸಾರದ ಮಾತು ಎಲ್ಲವೂ ಅದಾದ ಮೇಲೆ.

ಗಂಡ ಶ್ಯಾಮಸುಂದರ ಫೋಟೊಗ್ರಾಫರು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ದೊಡ್ಡ ಸ್ಟುಡಿಯೊದಲ್ಲಿ ಹುಡುಗನಾಗಿದ್ದಾಗಿನಿಂದ ದುಡಿದು, ಬೆಳಕು ಎಲ್ಲಿಂದ ಬಂದರೆ ಮುಖ ಹೇಗೆ ಕಾಣುತ್ತದೆ ಎಂಬ ಒಂದೇ ವಿಷಯವನ್ನು ತಲೆಗೆ ಹತ್ತಿಸಿಕೊಂಡು ಬಂದಿದ್ದವರು. ಐವತ್ತರ ದಶಕದ ನಡುವಿನಲ್ಲಿ ರಾಜಾಜಿನಗರದಲ್ಲಿ ಸೈಟುಗಳು ಅರ್ಧಕ್ಕರ್ಧ ಖಾಲಿ ಬಿದ್ದಿದ್ದಾಗ, ಕಾರ್ಖಾನೆ ಕೆಲಸಕ್ಕೆ ಬಂದವರು ಒಬ್ಬೊಬ್ಬರಾಗಿ ಮನೆ ಹಿಡಿಯುತ್ತಿದ್ದಾಗ, ಅಲ್ಲೊಂದು ಬಾಡಿಗೆ ಮನೆ ಹಿಡಿದು ಮುಂದಿನ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡರು. ಹಿಂದೆ ಅಡುಗೆಮನೆ, ಅದರ ಪಕ್ಕದ ಬಚ್ಚಲೇ ಕತ್ತಲೆಕೋಣೆ. ಸ್ನಾನ ಮಾಡಬೇಕೆಂದರೆ ಶಿವಕ್ಕ ಫೋಟೊ ತೊಳೆಯುವ ಹೈಪೊ ದ್ರಾವಣ ತುಂಬಿದ ತಟ್ಟೆಗಳನ್ನು ಎತ್ತಿಡಬೇಕಾಗಿತ್ತು.

ಸ್ಟುಡಿಯೊದಲ್ಲಿ ಇದ್ದದ್ದು ಎರಡು ದೀಪ. ದೊಡ್ಡದು ತಗಡಿನ ಬೋಗುಣಿಯೊಳಗೆ ಕೂರಿಸಿದ ಐನೂರು ವ್ಯಾಟಿನ ಬಲ್ಬು. ಅದನ್ನು ಒಂದು ಪಕ್ಕಕ್ಕೆ, ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿದರೆ ಆ ಕಡೆಯ ಕೆನ್ನೆ ಬೆಳಗುತ್ತಿತ್ತು. ಚಿಕ್ಕದು ಹಿಂದಿನಿಂದ ಕೂದಲಿಗೆ ಹೊಳಪು ಕೊಡುವುದಕ್ಕೆ. ಇನ್ನೊಂದು ಕೆನ್ನೆಯ ನೆರಳು ಇದ್ದಲಿನಂತೆ ಕಪ್ಪಾಗಬಾರದಲ್ಲ, ಅದಕ್ಕೊಂದು ರಿಫ್ಲೆಕ್ಟರ್ ಬೇಕು. ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದಗಳನ್ನು ಒಟ್ಟುಮಾಡಿ, ಅಕ್ಕಪಕ್ಕ ಅಂಟಿಸಿ, ಅರ್ಧ ಬಾಗಿಲಿನಷ್ಟು ದೊಡ್ಡ ರಟ್ಟಿನ ಹಲಗೆಯೊಂದನ್ನು ಶ್ಯಾಮಸುಂದರ ತಾವೇ ಮಾಡಿಕೊಂಡಿದ್ದರು. ಮೊದಲು ಅದನ್ನು ಕೋಟು ತೂಗುಹಾಕುವ ಗೂಟಕ್ಕೆ ಕಟ್ಟಿ ನೋಡಿದರು. ಒಂದೊಂದು ಮುಖಕ್ಕೂ ಹಲಗೆ ಒಂದೊಂದು ಓರೆಯಲ್ಲಿ ಇರಬೇಕು, ಗೂಟಕ್ಕೆ ಅದೆಲ್ಲಿ ಗೊತ್ತಾಗಬೇಕು? ಹಾಗಾಗಿ ಆ ಹಲಗೆ ಶಿವಕ್ಕನ ಕೈಗೆ ಬಂತು.

"ಇನ್ನೊಂಚೂರು ಮೇಲೆ. ಅಷ್ಟಲ್ಲ. ಕೆಳಗೆ. ಓರೆ ಮಾಡು. ಆ ಕಡೆ ಅಲ್ವೇ, ಈ ಕಡೆ!"

"ಯಾವ ಕಡೆ ಅಂತ ಬಾಯಲ್ಲಿ ಹೇಳ್ರೀ. ಕರಿ ಬಟ್ಟೆ ಒಳಗೆ ತಲೆ ಇಟ್ಕೊಂಡು ಕೈ ತೋರ್ಸಿದ್ರೆ ನಂಗೆ ಹೆಂಗೆ ಗೊತ್ತಾಗುತ್ತೆ?"

"ಕೈ ಅಲ್ಲಾಡಿಸಬೇಡ ಕಣೇ!"

ಒಲೆಯ ಮೇಲೆ ಸಾರು ಉಕ್ಕುತ್ತಿರುವ ವಾಸನೆ ಬರುತ್ತಿತ್ತು. ಕೂತ ಗಿರಾಕಿಯ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಶ್ಯಾಮಸುಂದರ ಕ್ಯಾಮೆರಾಕ್ಕೆ ಹೊದಿಸಿದ ಕರಿ ಬಟ್ಟೆಯೊಳಗಿಂದ ತಲೆ ಹೊರತೆಗೆದು, ದೀಪವನ್ನು ಗೇಣು ಸರಿಸಿ, ಮತ್ತೆ ಒಳಗೆ ಹೋಗುತ್ತಿದ್ದರು. ಕಾರ್ಖಾನೆಯ ಗೋಪೀನಾಥ ಎಂಬೊಬ್ಬ ಹುಡುಗ ಹೆಣ್ಣಿನ ಮನೆಗೆ ಕಳಿಸುವುದಕ್ಕೆಂದು ಫೋಟೊ ತೆಗೆಸಲು ಬಂದು, ಸ್ಟುಡಿಯೊದ ಕೋಟು ತೊಟ್ಟು ಕೂತ. ದೀಪ ಸರಿಹೋಗುವಷ್ಟರಲ್ಲಿ ಅವನ ಪಾಳಿಯ ಸೈರನ್ ಕೂಗಿತು. ಹುಡುಗ ಕೋಟಿನ ಸಮೇತ ಓಡಿದ. ಕೋಟು ಮೂರನೆಯ ದಿನ ವಾಪಸು ಬಂತು, ಹುಡುಗ ಬರಲಿಲ್ಲ.

ಇಷ್ಟು ಕಷ್ಟಪಟ್ಟು ತೆಗೆದ ಫೋಟೊ ಕೈಗೆ ಕೊಟ್ಟರೆ ಜನ ಕೇಳುತ್ತಿದ್ದದ್ದು ಒಂದೇ: "ಸಾರ್, ಈ ಕಡೆ ಕೆನ್ನೆ ಯಾಕೆ ಕಪ್ಪಗೆ ಬಂದಿದೆ?"

"ಅದು ಕಪ್ಪಲ್ಲ ಸ್ವಾಮಿ, ನೆರಳು. ನೆರಳಿಲ್ಲದೆ ಇದ್ರೆ ಮುಖ ದೋಸೆ ಥರ ಕಾಣುತ್ತೆ."

"ದೋಸೆ ಥರಾನೇ ಇರ್ಲಿ ಸಾರ್. ಬೆಳ್ಳಗಿರುತ್ತಲ್ಲ."

ಆಗ ಶ್ಯಾಮಸುಂದರರ ಭಾಷಣ ಶುರುವಾಗುತ್ತಿತ್ತು. ಭಾಷಣ ಮುಗಿಯುವಷ್ಟರಲ್ಲಿ ಗಿರಾಕಿ ಮುಖ ಊದಿಸಿಕೊಂಡಿರುತ್ತಿದ್ದ. "ಅವರಿಗೆ ಬೇಕಾದ್ದು ಕೊಡ್ರಿ ಅಂದ್ರೆ" ಎಂದು ಶಿವಕ್ಕ ಒಳಗೆ ಕರೆದು ಹೇಳಿ ಸಾಕಾಗಿದ್ದಳು. "ನಿಂಗೆ ತಿಳಿಯಲ್ಲ ಬಿಡು" ಎನ್ನುವುದು ಅವರ ಉತ್ತರ. ವರ್ಷಗಟ್ಟಲೆ ಹಲಗೆ ಹಿಡಿದು ನಿಂತವಳಿಗೆ ತಿಳಿಯದೆ ಇರುವುದು ಹೇಗೆ ಎಂದು ಅವಳಿಗೆ ರೇಗುತ್ತಿತ್ತು. ಮಾತು ಬೆಳೆಸಿದರೆ ಸಾರು ಪೂರ್ತಿ ಹೋಗುತ್ತದೆಂದು ಒಲೆಯ ಕಡೆ ಓಡುತ್ತಿದ್ದಳು.

ಹೀಗಿರುವಾಗ ಕುರುಬರಹಳ್ಳಿಯ ಕೆಂಪಯ್ಯ ಬಂದ. ಬಡಾವಣೆ ಬರುವ ಮುಂಚೆ ಈ ಕಡೆಯೆಲ್ಲ ಹೊಲವಿದ್ದ ಕುಟುಂಬದವನು. ಹೊಲ ಹೋದ ಮೇಲೆ ಎತ್ತು ಗಾಡಿ ಮಾರಿ, ಈಗ ಇಟ್ಟಿಗೆ, ಜಲ್ಲಿ ಸಾಗಿಸುವ ಕಂಟ್ರಾಕ್ಟು ಮಾಡುತ್ತಿದ್ದ.

"ನಮ್ಮವ್ವಂದು ಒಂದು ಫೋಟೊ ಆಗ್ಬೇಕು ಸಾರ್. ಕರ್ಕೊಂಡ್ ಬತ್ತೀನಿ. ಸ್ವಲ್ಪ ಹಟ ಅವ್ವಂಗೆ, ನೀವು ಬೇಜಾರು ಮಾಡ್ಕೋಬಾರ್ದು."

ಅವ್ವ ಮುನಿತಾಯಮ್ಮ ಮಾರನೆಯ ದಿನ ಕೋಲೂರಿಕೊಂಡು ಬಂದಳು. ಜೊತೆಗೆ ಕೆಂಪಯ್ಯ, ಸೊಸೆ ವೆಂಕಟಲಕ್ಷ್ಮಮ್ಮ. ಮುದುಕಿಗೆ ಎಪ್ಪತ್ತರ ಮೇಲೆ ಇರಬಹುದು. ಬಿಸಿಲಿಗೆ ಬೆಂದ ಮುಖ, ಅಗಲವಾದ ಹಣೆ, ಕಿವಿಯಲ್ಲಿ ಭಾರದ ಓಲೆ. ಶ್ಯಾಮಸುಂದರ ಅವಳನ್ನು ನೋಡಿದವರೇ ಉಬ್ಬಿಹೋದರು. ಇಂಥ ಮುಖ ಸಿಕ್ಕಿ ಎಷ್ಟು ದಿನವಾಯಿತು ಎಂದು ಶಿವಕ್ಕನ ಕಿವಿಯಲ್ಲಿ ಪಿಸುಗುಟ್ಟಿ ದೊಡ್ಡ ದೀಪ ಹಾಕಿದರು.

ದೀಪ ಹೊತ್ತಿದ ತಕ್ಷಣ ಮುನಿತಾಯಮ್ಮ ಕಣ್ಣು ಮುಚ್ಚಿದಳು.

"ಏನಪ್ಪ ಇದು, ಕುಲುಮೆ ಮುಂದೆ ಕೂರ್ಸ್ದಂಗೈತೆ! ಕಣ್ಣು ಬಿಡಾಕಾಯ್ತಿಲ್ಲ."

"ಅಭ್ಯಾಸ ಆಗುತ್ತಮ್ಮ, ನಿಧಾನವಾಗಿ ಬಿಡಿ. ಶಿವೂ, ಹಲಗೆ ಕೆಳಗೆ. ಅಮ್ಮ, ಗಲ್ಲ ಒಂಚೂರು ಎತ್ತಿ." ಹೇಳಿದ್ದು ಅವಳಿಗೆ ತಿಳಿಯಲಿಲ್ಲವೆಂದು ಶ್ಯಾಮಸುಂದರ ಹತ್ತಿರ ಹೋಗಿ ಬೆರಳಿನಿಂದ ಗಲ್ಲ ಎತ್ತಿದರು.

"ಮುಟ್ಬೇಡ!" ಎಂದು ಮುದುಕಿ ಕೋಲು ಕುಟ್ಟಿದಳು. "ನಮ್ಮೆಜಮಾನ್ರು ಕೂಡ ನನ್ ಗದ್ದ ಹಿಡ್ದು ಮಾತಾಡ್ಸಿರ್ಲಿಲ್ಲ."

ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕೆಂಪಯ್ಯ ಗದರಿದ. ಶ್ಯಾಮಸುಂದರ ಸಮಾಧಾನ ಮಾಡಲು ಹೋಗಿ, "ಅಮ್ಮ, ನಿಮ್ಮ ಮುಖದ ಸುಕ್ಕುಗಳಿವೆಯಲ್ಲ, ಅವು ಈ ಬೆಳಕಿಗೆ ಬಹಳ ಚೆನ್ನಾಗಿ ಬರ್ತವೆ" ಎಂದರು. ಮುದುಕಿಗೆ ಕೇಳಿಸಿದ್ದು ಸುಕ್ಕು ಎಂಬ ಮಾತೊಂದೇ. ಅವಳು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಒಮ್ಮೆ ಮಂಕಾಗಿ, ಒಮ್ಮೆಲೇ ಏರಿ, ದೊಡ್ಡ ಬಲ್ಬು 'ಢಬ್' ಎಂದು ಸಿಡಿಯಿತು. ಗಾಜಿನ ಚೂರು ತಗಡಿನ ಬೋಗುಣಿಯಲ್ಲಿ ಗಲಗಲ ಎಂದಿತು.

ಮುನಿತಾಯಮ್ಮ ಎದ್ದು, ಯಾರ ಕಡೆಯೂ ನೋಡದೆ, ಬೀದಿಗಿಳಿದು ನಡೆದೇಬಿಟ್ಟಳು. ಮಂಡಿನೋವಿನ ಮುದುಕಿ ಅಷ್ಟು ಬಿರುಸಾಗಿ ನಡೆದದ್ದನ್ನು ತಾನು ಕಂಡೇ ಇಲ್ಲವೆಂದು ಕೆಂಪಯ್ಯ ಹೇಳಿದ.

"ನೀವು ಆ ಸುಕ್ಕಿನ ಮಾತು ಯಾಕೆ ಆಡೋಕೆ ಹೋದ್ರಿ?" ಎಂದಳು ಶಿವಕ್ಕ, ಗಾಜು ಗುಡಿಸುತ್ತಾ.

"ನಾನು ಹೊಗಳಿದ್ದು ಕಣೇ!"

"ಹಂಗೆ ನನ್ನ ಹೊಗಳ್ಬೇಡಿ ಯಾವತ್ತೂ."

ಮಾರನೆಯ ಬೆಳಿಗ್ಗೆ ಶ್ಯಾಮಸುಂದರ ಹೊಸ ಬಲ್ಬು ತರಲು ಪೇಟೆಗೆ ಹೋದರು. ಶಿವಕ್ಕ ಹಿತ್ತಿಲಲ್ಲಿ ಬಟ್ಟೆ ಒಗೆದು ಹರವಿ ಒಳಗೆ ಬಂದರೆ, ಬಾಗಿಲಲ್ಲಿ ಮುನಿತಾಯಮ್ಮನೂ ಸೊಸೆಯೂ ನಿಂತಿದ್ದಾರೆ.

"ನಿನ್ ಗಂಡ ಅವ್ನಾ?"

"ಇಲ್ಲಮ್ಮ, ಪೇಟೆಗೆ ಹೋಗಿದಾರೆ."

"ಒಳ್ಳೇದಾಯ್ತು. ನಂಗೆ ನೀರು ಕೊಡು."

ನಿನ್ನೆಯ ಕೋಣೆಗೆ ಕಾಲಿಡುವುದಿಲ್ಲವೆಂದು ಮುದುಕಿ ಪಕ್ಕದ ಓಣಿಯಿಂದ ಬಂದು ಹಿತ್ತಿಲ ಬಾಗಿಲ ಮೆಟ್ಟಿಲಲ್ಲಿ ಕೂತಳು. ನೀರು ಕುಡಿದು, ಸುತ್ತ ನೋಡಿ, "ಇಲ್ಲೇ ನಮ್ ರಾಗಿ ಹೊಲ ಇದ್ದಿದ್ದು. ನೀನು ಬಟ್ಟೆ ಒಗೆಯೋ ತಾವು ಒಂದು ಹೊಂಗೆಮರ ಇತ್ತು" ಎಂದಳು. ಆಮೇಲೆ ವಿಷಯಕ್ಕೆ ಬಂದಳು.

ಫೋಟೊ ಬೇಕಾಗಿದ್ದದ್ದು ಮಗನಿಗಲ್ಲ, ಅವಳಿಗೆ. ಕೆಂಗೇರಿಗೆ ಕೊಟ್ಟಿದ್ದ ತಂಗಿ ಮುನಿಲಕ್ಷ್ಮಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಗಾಡಿ ಇದ್ದಾಗ ಅಕ್ಕ ಹಬ್ಬಹಬ್ಬಕ್ಕೂ ಹೋಗಿಬರುತ್ತಿದ್ದಳು. ಈಗ ಬಸ್ಸು ಹತ್ತಿದರೆ ಹೊಟ್ಟೆ ತೊಳಸಿ ವಾಂತಿ. ಒಂದು ಸಲ ಅರ್ಧ ದಾರಿಯಲ್ಲಿ ಇಳಿದು ರಸ್ತೆ ಬದಿಯಲ್ಲೇ ಮಲಗಿಬಿಟ್ಟಿದ್ದವಳನ್ನು ಮಗ ಹೊತ್ತುಕೊಂಡು ಬಂದಿದ್ದ. ರೈಲೆಂದರೆ ಹತ್ತುವುದಕ್ಕೇ ಭಯ. "ನೀನು ಬರ್ದಿದ್ರೆ ನಿನ್ ಮುಖಾನಾದ್ರೂ ಕಳ್ಸು" ಎಂದು ತಂಗಿ ಯಾರ ಕೈಲೋ ಹೇಳಿಕಳಿಸಿದ್ದಳು.

"ಫೋಟೊ ತಂಗಿಗೆ ಅಂತ ಕೆಂಪಯ್ಯಂಗೆ ಗೊತ್ತಿಲ್ಲ. ಅವ್ನು ನಾನು ಸತ್ತ ಮ್ಯಾಲೆ ಗೋಡೆಗೆ ಹಾಕಾಕೆ ಅಂದ್ಕೊಂಡವ್ನೆ. ಅಂದ್ಕೊಳ್ಲಿ. ನೀನು ತೆಗೀತೀಯಾ, ಇಲ್ವಾ?"

ಶಿವಕ್ಕನ ಬಾಯಿಗೆ, ನನಗೆ ಬರುವುದಿಲ್ಲ ಎಂಬ ಮಾತು ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಮುದುಕಿಯ ಮುಖದ ಮೇಲೆ ನಿಂತಿತು. ಪಕ್ಕದ ಮನೆಯ ಲಕ್ಷ್ಮಿದೇವಮ್ಮನವರ ಸುಣ್ಣದ ಗೋಡೆಗೆ ಬೆಳಗಿನ ಬಿಸಿಲು ಬಡಿದು, ಅಲ್ಲಿಂದ ತಿರುಗಿ ಈ ಮೆಟ್ಟಿಲಿಗೆ ಬರುತ್ತಿತ್ತು. ಮೇಲೆ ಹೆಂಚಿನ ಸೂರು ಇದ್ದುದರಿಂದ ನೆತ್ತಿಯ ಬೆಳಕು ಕಣ್ಣಿನ ಗುಳಿಯನ್ನು ಕಪ್ಪು ಮಾಡಿರಲಿಲ್ಲ. ಗೋಡೆಯ ಕಡೆಯ ಕೆನ್ನೆ ಬೆಳಗಿತ್ತು. ಇನ್ನೊಂದು ಕೆನ್ನೆ ನೆರಳಿಗೆ ಬಿದ್ದಿತ್ತು. ಆ ನೆರಳಿನ ಕೆನ್ನೆಯನ್ನು ಶಿವಕ್ಕನಷ್ಟು ನೋಡಿದವರು ಯಾರೂ ಇರಲಿಲ್ಲ. ಹಲಗೆ ಹಿಡಿದು ಅವಳು ನಿಲ್ಲುತ್ತಿದ್ದದ್ದು ಯಾವಾಗಲೂ ಆ ಕಡೆಗೇ.

ಅವಳು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಸಮೇತ ಎಳೆದು ತಂದು ಹಿತ್ತಿಲಲ್ಲಿ ನಿಲ್ಲಿಸಿದಳು. ಕತ್ತಲೆಕೋಣೆಯಲ್ಲಿ ಫೋಟೊ ಮೂಡುವ ಗಾಜಿನ ಪ್ಲೇಟು ತುಂಬಿಸುವುದು ಹೇಗಿದ್ದರೂ ಅವಳದೇ ಕೆಲಸ. ಹಲಗೆಯನ್ನು ಸೊಸೆಯ ಕೈಗೆ ಕೊಟ್ಟಳು. ಬೆಳ್ಳಿ ಕಾಗದದ ಝಳ ಕಣ್ಣಿಗೆ ಬಿದ್ದು ಮುದುಕಿ ಮತ್ತೆ ಕಣ್ಣು ಮುಚ್ಚಿದಳು. ಶಿವಕ್ಕ ತಂತಿಯ ಮೇಲಿದ್ದ ಗಂಡನ ಪಂಚೆಯನ್ನು ಎಳೆದು ಹಲಗೆಯ ಮೇಲೆ ಹೊದಿಸಿದಳು. ಝಳ ಹೋಗಿ, ಹಾಲಿನಂಥ ಬೆಳಕು ನೆರಳಿನೊಳಗೆ ಇಳಿಯಿತು. ಮುದುಕಿ ಕಣ್ಣು ಬಿಟ್ಟಳು.

ಕರಿ ಬಟ್ಟೆಯೊಳಗೆ ತಲೆಯಿಟ್ಟರೆ ಕ್ಯಾಮೆರಾದ ಹಿಂಬದಿಯ ಗಾಜಿನಲ್ಲಿ ಮುನಿತಾಯಮ್ಮ ತಲೆಕೆಳಗಾಗಿ ಕೂತಿದ್ದಳು. ಹಲಗೆ ಅತ್ತಿತ್ತ ಆಡುತ್ತಿತ್ತು.

"ಸ್ವಲ್ಪ ಮೇಲೆ ಹಿಡೀರಿ. ಅಷ್ಟಲ್ಲ. ಅಯ್ಯೋ, ಕೈ ಅಲ್ಲಾಡಿಸಬೇಡ್ರಮ್ಮ!"

"ಕೈ ಸೋತೋಯ್ತದೆ ಕಣಕ್ಕ" ಎಂದಳು ವೆಂಕಟಲಕ್ಷ್ಮಮ್ಮ.

ಸೋತುಹೋಗುತ್ತದೆಂದು ಶಿವಕ್ಕನಿಗಿಂತ ಚೆನ್ನಾಗಿ ಬಲ್ಲವರಾರು? ಆದರೂ ಆ ಹೊತ್ತಿನಲ್ಲಿ ಅವಳಿಗೆ ಸಿಟ್ಟೇ ಬಂತು. ಬಟ್ಟೆಯಿಂದ ಹೊರಗೆ ಬಂದು, ಪ್ಲೇಟು ಸೇರಿಸಿ, ಒತ್ತಿದರೆ ಫೋಟೊ ಬೀಳುವ ರಬ್ಬರ್ ಚೆಂಡನ್ನು ಕೈಯಲ್ಲಿ ಹಿಡಿದು, "ಅಮ್ಮ, ನಿಮ್ಮ ತಂಗಿ ಚಿಕ್ಕೋಳಿದ್ದಾಗ ಹೆಂಗಿದ್ರು?" ಎಂದು ಕೇಳಿದಳು. ಮುದುಕಿ ನೆನಪು ಮಾಡಿಕೊಳ್ಳಲೆಂದು ಒಂದು ಗಳಿಗೆ ಸುಮ್ಮನೆ ನೋಡಿದಳು. ಶಿವಕ್ಕ ಚೆಂಡು ಒತ್ತಿಬಿಟ್ಟಳು.

ಮಧ್ಯಾಹ್ನ ಶ್ಯಾಮಸುಂದರ ಬಂದಾಗ ವಿಷಯ ಕೇಳಿ ಮೊದಲು ನೋಡಿದ್ದು ಕ್ಯಾಮೆರಾಕ್ಕೆ ಎಲ್ಲಾದರೂ ಪೆಟ್ಟಾಗಿದೆಯೇ ಎಂದು. "ಹಿತ್ತಿಲಲ್ಲಾ? ಬಚ್ಚಲ ನೀರು ಹರಿಯೋ ಜಾಗದಲ್ಲಾ?" ಎಂದು ಕೂಗಾಡುತ್ತಲೇ ಕತ್ತಲೆಕೋಣೆಗೆ ಹೋದರು. ಕೂಗಾಟ ಸ್ವಲ್ಪ ಹೊತ್ತಿನಲ್ಲಿ ನಿಂತಿತು. ಶಿವಕ್ಕ ಬಾಗಿಲ ಹೊರಗೆ ಸೆರಗು ಹಿಂಡುತ್ತಾ ನಿಂತಿದ್ದಳು. ನೀರು ತೊಟ್ಟಿಕ್ಕುವ ಪ್ಲೇಟನ್ನು ಹಿಡಿದು ಹೊರಗೆ ಬಂದ ಶ್ಯಾಮಸುಂದರ ಕಿಟಕಿಯ ಬೆಳಕಿಗೆ ಎತ್ತಿ, ತಿರುಗಿಸಿ ಮುರುಗಿಸಿ ನೋಡಿದರು.

"ಕಿವಿ ಮಬ್ಬಾಗಿದೆ."

"ಹ್ಞೂಂ."

"ಹಿಂದೆ ಬಾಗಿಲ ಚಿಲಕ ಕಾಣ್ತಾ ಇದೆ."

"ಕಾಣ್ಲಿ. ಮುಖ ಹೆಂಗಿದೆ ಹೇಳ್ರಿ."

ಅವರು ಪ್ಲೇಟನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. "ಎಷ್ಟು ಹೊತ್ತಿಗೆ ತೆಗೆದೆ?" ಎಂದು ಮಾತ್ರ ಕೇಳಿದರು. ಶಿವಕ್ಕನಿಗೆ ಆ ಪ್ಲೇಟನ್ನು ಕಿತ್ತುಕೊಂಡು ಅವರ ತಲೆಯ ಮೇಲೆ ಒಡೆಯಬೇಕೆನ್ನಿಸಿತು. ಒಂದೇ ಒಂದು ಮಾತು, ಚೆನ್ನಾಗಿದೆ ಎಂದರೆ ಬಾಯಿ ಸವೆಯುತ್ತಿತ್ತೇ? ಅಂದು ಅವಳು ಅಡುಗೆ ಮಾಡಲಿಲ್ಲ. ಬೆಳಗಿನ ತಂಗಳು ಮುದ್ದೆಯನ್ನೇ ಅವರ ಮುಂದಿಟ್ಟಳು. ಅವರು ಅದನ್ನು ಗಮನಿಸಲೂ ಇಲ್ಲ.

ಮಾರನೆಯ ದಿನ ನೋಡಿದರೆ ಶ್ಯಾಮಸುಂದರ ಸುಣ್ಣದ ಬಕೆಟ್ಟು ಹಿಡಿದು ಪಕ್ಕದವರ ಗೋಡೆ ಬಳಿಯುತ್ತಿದ್ದಾರೆ.

"ಏನ್ರೀ ಶಿವಕ್ಕ, ನಿಮ್ಮನೆಯೋರಿಗೆ ಏನಾಗಿದೆ?" ಎಂದು ಲಕ್ಷ್ಮಿದೇವಮ್ಮನವರು ಬೇಲಿಯಾಚೆಯಿಂದ ಕೂಗಿದರು. "ಕೇಳ್ದೆ ಮಾಡ್ದೆ ನಮ್ಮ ಗೋಡೆಗೆ ಸುಣ್ಣ ಬಳೀತಾರಲ್ಲ!"

"ಅಲ್ಲಿ ಒಂಚೂರು ಹಳದಿಗಿತ್ತಮ್ಮ, ಬೆಳಕು ಸರಿಯಾಗಿ ಹಾಯ್ತಿರ್ಲಿಲ್ಲ" ಎಂದು ಶ್ಯಾಮಸುಂದರ ಅಲ್ಲಿಂದಲೇ ವಿವರಿಸಿದರು. ಶಿವಕ್ಕ ತಲೆ ಎತ್ತಲಾರದೆ ಒಳಗೆ ಹೋದಳು.

ಪ್ರಿಂಟು ಆದ ಮೇಲೆ ಅದನ್ನು ಕೆಂಗೇರಿಗೆ ಒಯ್ದದ್ದು ಶಿವಕ್ಕನೇ. ಅವಳ ತೌರೂ ಅದೇ ಊರು. ತಂದೆ ಅಂಜಿನಯ್ಯ ಅಲ್ಲಿ ರೈಲ್ವೆ ಗೇಟು ಕಾಯುತ್ತಿದ್ದವರು. ಮುನಿಲಕ್ಷ್ಮಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದ ಮುದುಕಿ ಫೋಟೊ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇದ್ಯಾಕೆ ಇವ್ಳು ಹಿಂಗೆ ಮುದುಕಿ ಆಗ್ಬುಟ್ಳು?" ಎಂದಳು. "ಹೊಟ್ಟೆಗೆ ಸರ್ಯಾಗಿ ತಿನ್ನಾಕಿಲ್ಲ ಅಂತ ಕಾಣ್ತದೆ. ತಿನ್ನೇ, ತಿನ್ನು ಅಂತ ಎಷ್ಟು ಹೇಳಿದ್ರೂ ಕೇಳಾಕಿಲ್ಲ." ಹೀಗೆ ಸ್ವಲ್ಪ ಹೊತ್ತು ಫೋಟೊವನ್ನೇ ಬೈದಳು. ಬೈಯುತ್ತಾ ಬೈಯುತ್ತಾ ಅದನ್ನು ಎದೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿನಿಂದ ಅಕ್ಕನ ಕೆನ್ನೆಯನ್ನು, ಆ ನೆರಳಿನ ಕಡೆಯನ್ನೇ, ಮೆಲ್ಲಗೆ ಒರೆಸಿದಳು. ಆಮೇಲೆ ಫೋಟೊವನ್ನು ದಿಂಬಿನ ಕೆಳಗಿಟ್ಟುಕೊಂಡು ಹೇಳಿದಳು: "ನಂದೂ ಒಂದು ತೆಗಿಯವ್ವ. ಅವ್ಳಿಗೂ ಕೊಡ್ಬೇಕಲ್ಲ."

ಇದನ್ನು ಮನೆಯಲ್ಲಿ ಹೇಳಿದಾಗ ಶ್ಯಾಮಸುಂದರ ತಾವೂ ಬರುತ್ತೇನೆಂದರು. ಹೊಸ ಬಲ್ಬು, ಬೋಗುಣಿ, ತಂತಿಯ ಸುರುಳಿ ಎಲ್ಲವನ್ನೂ ಗೋಣಿಯಲ್ಲಿ ತುಂಬತೊಡಗಿದರು.

"ಆ ಮನೇಲಿ ಕರೆಂಟಿಲ್ಲ ಕಣ್ರೀ."

"ಇಲ್ವಾ?"

"ಸೀಮೆಎಣ್ಣೆ ಬುಡ್ಡಿ ಇದೆ. ಅದಕ್ಕೆ ಸಿಗಿಸ್ತೀರಾ ತಂತೀನ?"

ಶ್ಯಾಮಸುಂದರ ಎಲ್ಲವನ್ನೂ ತೆಗೆದಿಟ್ಟು ಕ್ಯಾಮೆರಾವನ್ನೂ ಹಲಗೆಯನ್ನೂ ಹೊತ್ತುಕೊಂಡರು. ರೈಲಿನಲ್ಲಿ ದಾರಿಯುದ್ದಕ್ಕೂ ಹಲಗೆಗೆ ಯಾರೂ ಒರಗದಂತೆ ಕಾಯುವುದೇ ಅವರ ಕೆಲಸವಾಯಿತು.

ಸೊಂಟ ಮುರಿದವಳನ್ನು ಹೊರಗೆ ತಂದು ಕೂರಿಸುವ ಹಾಗಿರಲಿಲ್ಲ. ಮನೆಯವರು ಚಾಪೆಯ ಸಮೇತ ಅವಳನ್ನು ಮುಂಬಾಗಿಲ ಹತ್ತಿರಕ್ಕೆ ಎಳೆದು, ಬೆನ್ನಿಗೆ ಗೋಡೆ ಕೊಟ್ಟು ಒರಗಿಸಿದರು. ಬಾಗಿಲಿನಿಂದ ಒಂದು ಪಕ್ಕಕ್ಕೆ ಬೆಳಕು ಬೀಳುತ್ತಿತ್ತು. ಇನ್ನೊಂದು ಪಕ್ಕಕ್ಕೆ ಹಲಗೆ ಬೇಕು. ಶ್ಯಾಮಸುಂದರ ಕರಿ ಬಟ್ಟೆಯನ್ನು ಕೈಗೆತ್ತಿಕೊಂಡಿದ್ದರು. ಮುನಿಲಕ್ಷ್ಮಮ್ಮ, "ಗಂಡಸು ಬ್ಯಾಡ. ಅಕ್ಕಂದು ತೆಗೆದೋಳೇ ತೆಗೀಲಿ" ಎಂದಳು.

ಶಿವಕ್ಕ ಕೈ ಚಾಚಿದಳು. ಶ್ಯಾಮಸುಂದರ ಬಟ್ಟೆಯನ್ನು ಕೊಟ್ಟು, ಹಲಗೆ ಹಿಡಿದು ನೆರಳಿನ ಕಡೆಗೆ ಹೋಗಿ ನಿಂತರು. ನಿಂತರೂ ಬಾಯಿ ನಿಲ್ಲಲಿಲ್ಲ. "ಕ್ಯಾಮೆರಾ ಒಂಚೂರು ಹಿಂದೆ ತಗೋ. ಕಿವಿ ನೋಡ್ಕೋ. ಅಲ್ಲ ಕಣೇ, ಮೊದಲು ಹಣೆ..."

"ಸುಮ್ನೆ ನಿಂತ್ಕೊಳ್ರೀ! ನೀವು ಮಾತಾಡಿದ್ರೆ ಹಲಗೆ ಅಲ್ಲಾಡುತ್ತೆ."

ಮುನಿಲಕ್ಷ್ಮಮ್ಮ ನಕ್ಕಳು. ಮೈ ಅಲುಗಿದ್ದರಿಂದ ಸೊಂಟ ನೋಯಿತೇನೋ, ನಗು ಅರ್ಧಕ್ಕೆ ನಿಂತು ತುಟಿಯ ಮೇಲೆ ಉಳಿಯಿತು. ಶಿವಕ್ಕ ಆಗ ಚೆಂಡು ಒತ್ತಿದಳು.

ಹೊರಗೆ ಬಂದ ಮೇಲೆ ಶ್ಯಾಮಸುಂದರ ಭುಜ ನೀವಿಕೊಳ್ಳುತ್ತಾ ಹೇಳಿದರು: "ತೋಳು ಬಿದ್ದುಹೋಗುತ್ತಲ್ಲೇ. ನೀನು ಇಷ್ಟು ದಿನ ಹೇಳ್ಲೇ ಇಲ್ಲ."

ಎಷ್ಟು ಸಲ ಹೇಳಿದ್ದಳು! ಹೇಳಿದ್ದನ್ನೆಲ್ಲ ಮತ್ತೆ ಹೇಳಬೇಕೆಂದು ಹೊರಟವಳು, ಅವರ ಮುಖ ನೋಡಿ ಕೈಬಿಟ್ಟಳು. ನಿಜವಾಗಿಯೂ ನೋವಾಗಿತ್ತು ಪಾಪ.

ಕುರುಬರಹಳ್ಳಿಯ ಹೆಂಗಸರು ಆಮೇಲೆ ಒಬ್ಬೊಬ್ಬರೇ ಹಿತ್ತಿಲ ಬಾಗಿಲಿಗೆ ಬರತೊಡಗಿದರು. ಗಂಡಸರು ಮುಂದಿನ ಕೋಣೆಯಲ್ಲಿ ಐನೂರು ವ್ಯಾಟಿನ ಕೆಳಗೆ ಬೆವರುತ್ತಿದ್ದರು, ಹೆಂಗಸರು ಹಿಂದಿನ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು. ಲಕ್ಷ್ಮಿದೇವಮ್ಮನವರು ಪ್ರತಿ ಹಬ್ಬಕ್ಕೂ ಗೋಡೆಗೆ ಸುಣ್ಣ ಹೊಡೆಸುವುದನ್ನು ನಿಲ್ಲಿಸಿದರು, ಹೇಗಿದ್ದರೂ ಪಕ್ಕದವರು ಬಳಿಯುತ್ತಾರಲ್ಲ ಎಂದು.

ತಂಗಿಯ ಫೋಟೊ ಕೈಸೇರಿದ ಮೇಲೆ ಮುನಿತಾಯಮ್ಮ ಕೋಲೂರಿಕೊಂಡು ಮತ್ತೆ ಬಂದಳು. ಮುಖ ಬಿಗಿದಿತ್ತು.

"ಏನಾಯ್ತಮ್ಮ? ಫೋಟೊ ಸರಿ ಬಂದಿಲ್ವಾ?" ಎಂದಳು ಶಿವಕ್ಕ ಗಾಬರಿಯಿಂದ.

"ಸರ್ಯಾಗೇ ಬಂದೈತೆ. ಹಾಸಿಗೆ ಹಿಡ್ದೋಳು ಅವ್ಳು. ಅವ್ಳು ನಗ್ತಾ ಅವ್ಳೆ. ನೆಟ್ಟಗೆ ಓಡಾಡ್ಕೊಂಡಿರೋಳು ನಾನು, ಗರ ಬಡಿದಂಗೆ ಕೂತಿವ್ನಿ. ನೋಡ್ದೋರು ಏನಂದ್ಕೋಬೇಕು?" ಮುದುಕಿ ಮೆಟ್ಟಿಲ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. "ನಂದು ಇನ್ನೊಂದು ಸಲ ತೆಗಿ."

ಶಿವಕ್ಕ ಒಲೆಯ ಕಡೆ ನೋಡಿದಳು. ಅನ್ನ ಕುದಿಯುತ್ತಿತ್ತು. ಬಿಸಿಲು ಗೋಡೆಯಿಂದ ಇಳಿಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅವಳು ಅನ್ನದ ಪಾತ್ರೆ ಇಳಿಸಿಟ್ಟು, ಹಲಗೆ ಹಿಡಿಯಲು ಗಂಡನನ್ನು ಕೂಗಿ ಕರೆದಳು.